ಗಿರಿಜಕ್ಕ ಬರ್ತಾರಂತೆ!

ಸೋಮವಾರ ಕೇಳಿದಾಗ ಗಿರಿಜಕ್ಕ ಮಂಗಳವಾರ ಬರುವವರಿದ್ದರು. ಮಂಗಳವಾರ ಕೇಳಿದಾಗ ಬುಧವಾರ. ಬುಧವಾರ ಕೇಳಿದರೆ, ಶುಕ್ರವಾರ ಖಂಡಿತ ಅಂದರು.

ಯಾರು ಅಂದರು? ಎಲ್ಲರೂ ಅಂದರು. ಕಲ್ಯಾಣದ ವತ್ಸಲಕ್ಕ ಅಂದರು. ವಾಶಿಯ ಶಾಂತಕ್ಕ ಅಂದರು. ಕೊನೆಗೆ ನಾನೂ ಅಂದೆ. ಏನೂ ಅನ್ನದವರು ಗಿರಿಜಕ್ಕ ಒಬ್ಬರೇ. ಯಾಕೆಂದರೆ ಅವರನ್ನು ಯಾರೂ ಕೇಳಿಯೇ ಇರಲಿಲ್ಲ!

(ನಗಬೇಡಿ. ನಿಮ್ಮ ಮನೆಯಲ್ಲೂ ಹೀಗೆ ಆಗಿರುತ್ತದೆ. ಪ್ಲಂಬರ್ ವಿಷಯದಲ್ಲಿ ಆಗಿರಬಹುದು, ಅಷ್ಟೆ.)

ಮೊದಲು ಸಿಹಿ ಸುದ್ದಿ. ನಾನು ಅಜ್ಜಿಯಾದೆ. ನನ್ನ ದೊಡ್ಡ ಮಗಳು ಮಯೂರಿಗೆ ಹೆಣ್ಣು ಮಗು. ಡಾಕ್ಟರು ಹೇಳಿದ ತಾರೀಕಿಗಿಂತ ಸ್ವಲ್ಪ ಮೊದಲೇ ಬಂದುಬಿಟ್ಟಿತು. ನಾನು ತುಪ್ಪ ಕಾಯಿಸಿರಲಿಲ್ಲ, ಹಳೆ ಸೀರೆ ಹರಿದು ಬಟ್ಟೆ ಮಾಡಿರಲಿಲ್ಲ. ಏನೂ ತಯಾರಿಯಿಲ್ಲ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಬೇರೆ ಕೆಟ್ಟಿದೆ. ಬಾಣಂತಿಯನ್ನು ಮೂರನೇ ಮಹಡಿಗೆ ಹತ್ತಿಸುವುದು ಹೇಗೆ? ಹಾಗಾಗಿ ಬಾಣಂತನ ಖಾರಘರದಲ್ಲಿ, ಮಯೂರಿಯ ಮನೆಯಲ್ಲೇ ಅಂತಾಯಿತು. ನಾನು ಎರಡು ಬ್ಯಾಗು, ಒಂದು ಮಣೆ, ಒಂದು ಬಾಟಲಿ ತೆಂಗಿನೆಣ್ಣೆ ಹಿಡಿದು ಠಾಣೆಯಲ್ಲಿ ಗಾಡಿ ಬದಲಿಸಿ ಬಂದಿಳಿದೆ. ನನ್ನ ಜೊತೆ ಚಿಕ್ಕ ಮಗಳು ಸಿಂಧು. ಅವಳ ಜೊತೆ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ. ಮುಂದಿನ ಸೋಮವಾರ ಅವಳಿಗೆ ನೆಟ್‌ವರ್ಕಿಂಗ್ ಪರೀಕ್ಷೆ. ಇವರು ಮಾತ್ರ ಡೊಂಬಿವಲಿಯಲ್ಲಿ, ಮೂಲೆಯ ಉಡುಪಿ ಹೋಟೆಲಿನವರ ಕೃಪೆಯಲ್ಲಿ.

ಖಾರಘರದ ಮನೆಯಲ್ಲಿ ಮಯೂರಿಯ ಅತ್ತೆ ಅಂಜಲಿತಾಯಿ ಇದ್ದಾರೆ. ಮರಾಠಿಯವರು. ಮೃದು ಮಾತು. ಮಗುವಿನ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ, ಕೈಯಿಂದಲೇ ಇಸ್ತ್ರಿ ಹಾಕಿದ ಹಾಗೆ ಸವರಿ ಮಡಚುತ್ತಾರೆ. ಅವರು ಮಡಚಿದ ಬಟ್ಟೆಯನ್ನು ಬಿಡಿಸಲು ನನಗೆ ಮನಸ್ಸೇ ಬರುವುದಿಲ್ಲ.

ಎಲ್ಲ ಸರಿ. ಆದರೆ ಬಾಣಂತಿಗೆ, ಮಗುವಿಗೆ ನೀರು ಹಾಕುವವರು?

ಅದಕ್ಕೆ ಗಿರಿಜಕ್ಕನೇ ಆಗಬೇಕು. ಉಡುಪಿ ಕಡೆಯವರು. ಠಾಣೆ, ಕಲ್ಯಾಣ, ವಾಶಿಯ ನಮ್ಮವರ ಮನೆಗಳಲ್ಲಿ ಎಷ್ಟು ಮಕ್ಕಳಿಗೆ ನೀರು ಹಾಕಿದ್ದಾರೋ ಅವರಿಗೇ ಗೊತ್ತಿರಲಿಕ್ಕಿಲ್ಲ. ಮಯೂರಿಗೂ ಸಿಂಧುವಿಗೂ ಅವರೇ ಹಾಕಿದ್ದು. ಕಾಲು ಚಾಚಿ ಮಣೆಯ ಮೇಲೆ ಕೂತು, ಮಗುವನ್ನು ಮೊಣಕಾಲಿನ ಮೇಲೆ ಬೋರಲು ಮಲಗಿಸಿದರೆ ಎಂಥ ಹಟಮಾರಿ ಮಗುವೂ ಸುಮ್ಮನಾಗುತ್ತಿತ್ತು. ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನ್ನ ಕೆಲಸ ಅಷ್ಟೆ. ಇಬ್ಬರು ಮಕ್ಕಳನ್ನು ಹೆತ್ತರೂ ಎಳೆ ಮಗುವಿಗೆ ನಾನಾಗಿ ಒಂದು ಚೊಂಬು ನೀರು ಹಾಕಿದವಳಲ್ಲ.

ಗಿರಿಜಕ್ಕನನ್ನು ಕರೆಯುವುದಕ್ಕೆ ಒಂದು ಕ್ರಮ ಇದೆ. ನೇರವಾಗಿ ಫೋನ್ ಮಾಡಿ ‘ಬನ್ನಿ’ ಅನ್ನುವ ಹಾಗಿಲ್ಲ. ಅವರು ಕಡೆಯದಾಗಿ ನೀರು ಹಾಕಿದ ಮನೆಯವರು ಸೀರೆ ಕೊಟ್ಟು, ಕುಂಕುಮ ಇಟ್ಟು, ಮುಂದಿನ ಮನೆಗೆ ಕಳಿಸಿಕೊಡಬೇಕು. ಒಂದು ಬಾಣಂತಿ ಮನೆಯಿಂದ ಇನ್ನೊಂದಕ್ಕೆ ಶುಭವೇ ನಡೆದು ಹೋದ ಹಾಗೆ. ಚೆನ್ನಾಗಿಲ್ಲವೇ? ಚೆನ್ನಾಗಿದೆ. ಸಮಸ್ಯೆ ಏನೆಂದರೆ ಗಿರಿಜಕ್ಕನ ನಂಬರ್ ಯಾರೂ ಇಟ್ಟುಕೊಳ್ಳುವುದಿಲ್ಲ. ನನ್ನಲ್ಲಿದ್ದ ಹಳೆ ನಂಬರ್ ಅಸ್ತಿತ್ವದಲ್ಲೇ ಇಲ್ಲ ಎಂದು ಒಬ್ಬ ಹೆಂಗಸು ಮೂರು ಭಾಷೆಗಳಲ್ಲಿ ಹೇಳಿದಳು.

ಕಡೆಯ ಮನೆ ಕಲ್ಯಾಣದ ವತ್ಸಲಕ್ಕನದು. ದೂರದ ಸಂಬಂಧ, ಹತ್ತಿರದ ಬಳಕೆ. ಸೋಮವಾರ ಬೆಳಿಗ್ಗೆ ಫೋನ್ ಮಾಡಿದೆ.

“ಹೆಣ್ಣಾ? ಒಳ್ಳೇದಾಯ್ತು ಮಾರಾಯ್ತಿ! ಬಣ್ಣ ಯಾರದ್ದು?”

“ಇನ್ನೂ ಕೆಂಪು ಕೆಂಪು ಉಂಟು, ಗೊತ್ತಾಗುದಿಲ್ಲ. ವತ್ಸಲಕ್ಕ, ಗಿರಿಜಕ್ಕನನ್ನು ಒಮ್ಮೆ ಇಲ್ಲಿಗೆ ಕಳಿಸಿಕೊಡ್ಬೇಕಿತ್ತಲ್ಲ.”

ಆ ಕಡೆ ಒಂದು ಕ್ಷಣ ಮೌನ. ಆಗ ನಾನು ಗಮನಿಸಲಿಲ್ಲ, ಈಗ ನೆನಪಾಗುತ್ತದೆ. “ಗಿರಿಜಕ್ಕನಾ... ನೋಡುವ. ನಾಳೆಯ ಒಳಗೆ ಎಂತಾದ್ರೂ ಮಾಡುವ. ಆಗ್ತದೆ, ಆಗ್ತದೆ.”

ಆಗ್ತದೆ! ಈ ಒಂದು ಶಬ್ದದ ಮೇಲೆ ನಮ್ಮ ಊರಿನವರ ಅರ್ಧ ಸಂಸಾರ ನಿಂತಿದೆ.

ನನಗೆ ನೆಮ್ಮದಿಯಾಯಿತು. ಮಧ್ಯಾಹ್ನ ವಾಶಿಯಿಂದ ಶಾಂತಕ್ಕ ಫೋನ್ ಮಾಡಿದರು. ಧಾರವಾಡದವರು, ಮೊದಲು ಡೊಂಬಿವಲಿಯಲ್ಲಿ ನಮ್ಮ ಎದುರು ಮನೆ. ಅವರ ಸೊಸೆಗೂ ಗಿರಿಜಕ್ಕನೇ ನೀರು ಹಾಕಿದ್ದು. “ನೀರು ಹಾಕಾಕ ಯಾರದಾರ್ರೀ?” ಎಂದರು. “ವತ್ಸಲಕ್ಕ ಗಿರಿಜಕ್ಕನನ್ನು ಕಳಿಸ್ತಾರೆ” ಎಂದೆ. ಅವರ ಕುಕ್ಕರ್ ಕೂಡ ಖುಷಿಯಿಂದ ಸೀಟಿ ಹೊಡೆಯಿತು.

ಮಂಗಳವಾರ ಗಿರಿಜಕ್ಕ ಬರಲಿಲ್ಲ. ವತ್ಸಲಕ್ಕನಿಗೆ ಫೋನ್ ಮಾಡಿದರೆ ಸ್ವರದಲ್ಲಿ ಹೊಸ ಉತ್ಸಾಹ. “ಗಿರಿಜಕ್ಕ ಬರ್ತಾರಂತೆ ಸುಮಾ! ಶಾಂತನೇ ಹೇಳಿದ್ದು. ಅವಳಿಗೆ ಗೊತ್ತುಂಟು. ಅವಳ ಹತ್ರ ಕೇಳು, ನಾಳೆ ಅಂತ ಕಾಣ್ತದೆ.”

ಶಾಂತಕ್ಕನಿಗೆ ಫೋನ್. “ಹೌದೇನ್ರೀ, ವತ್ಸಲಾಬಾಯಾರು ಬರತಾರ ಅಂದ್ರಾ? ಮತ್ತ ಆತು ಬಿಡ್ರಿ! ನೀವ್ಯಾಕ ಚಿಂತಿ ಮಾಡ್ತೀರಿ?”

ಬುಧವಾರ ವತ್ಸಲಕ್ಕ, “ಶಾಂತ ಹೇಳುದು ನೋಡಿದ್ರೆ ಶುಕ್ರವಾರ ಖಂಡಿತ” ಎಂದರು. ಇಬ್ಬರದೂ ಎಂಥ ಸಮಾಧಾನದ ದನಿ! ಅನುಮಾನ ಪಡಲು ನನಗೇ ನಾಚಿಕೆಯಾಯಿತು. ಅಂಜಲಿತಾಯಿ ದಿನಾ ಸಂಜೆ ಬಟ್ಟೆ ಮಡಚುತ್ತಾ, “ತುಮಚೀ ಬಾಯೀ ಯೇಣಾರ್ ನಾ?” ಎನ್ನುತ್ತಿದ್ದರು. ನಿಮ್ಮ ಹೆಂಗಸು ಬರುತ್ತಾರೆ ಅಲ್ಲವೇ ಎಂದು. ನಾನು ನಗುತ್ತಾ, “ಹೋ ಹೋ, ಯೇಣಾರ್!” ಎನ್ನುತ್ತಿದ್ದೆ. ಬರುತ್ತಾರೆ, ಬರುತ್ತಾರೆ.

ಅದೇ ಬುಧವಾರ ಮಗುವಿನ ಹೊಕ್ಕುಳಬಳ್ಳಿ ಬಿತ್ತು. ಇನ್ನು ಸ್ನಾನ ಮಾಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಅದುವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆವು.

ಗುರುವಾರ ಬೆಳಿಗ್ಗೆ ಮಯೂರಿಗೆ ತಡೆಯಲಾಗಲಿಲ್ಲ. ತಾನೇ ಪ್ಲಾಸ್ಟಿಕ್ ಟಬ್ಬಿಗೆ ನೀರು ಹಾಕಿ, ಮೊಣಕೈ ಅದ್ದಿ ಬಿಸಿ ನೋಡಿ, ಮಗುವನ್ನು ಇಳಿಸಿದಳು. ಮಗು ಕೈಕಾಲು ಬಡಿದು ಕಿರುಚಿತು. ಎಣ್ಣೆ ಹಚ್ಚಿದ ಮೈ ಜಾರಿತು. ಜಾರಿದ್ದು ಒಂದಿಂಚು ಇರಬೇಕು, ಅವಳು ಹಿಡಿದುಕೊಂಡಳು, ಏನೂ ಆಗಲಿಲ್ಲ. ಆದರೆ ಅವಳ ಮುಖ ನೋಡಬೇಕಿತ್ತು. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬಾತ್‌ರೂಮಿನ ನೆಲದ ಮೇಲೆಯೇ ಕೂತುಬಿಟ್ಟಳು.

“ಅಮ್ಮಾ, ನೀನು ಮಾಡಿಸ್ತೀಯಾ?”

ನಾನು ನನ್ನ ಕೈ ನೋಡಿಕೊಂಡೆ. ಎಳೆ ಮಗುವಿಗೆ ಎಂದೂ ನೀರು ಹಾಕದ ಕೈ. ಬರುವುದಿಲ್ಲ ಮಗಳೇ ಎನ್ನಬೇಕಿತ್ತು. ಅಂದದ್ದು ಏನು ಗೊತ್ತೇ?

“ನೋಡುವ. ನಾಳೆ ಗಿರಿಜಕ್ಕ ಬರ್ತಾರಲ್ಲ.”

ಅವಳು ಅಂದು ಮತ್ತೆ ಮಗುವನ್ನು ನೀರಿಗೆ ಇಳಿಸಲಿಲ್ಲ. ಎತ್ತಿಕೊಳ್ಳುವಾಗಲೂ ಹೆದರಿ ಹೆದರಿ ಎತ್ತಿಕೊಳ್ಳುತ್ತಿದ್ದಳು. ಹಾಲು ಕುಡಿಸಿ ಕೂಡಲೇ ನನ್ನ ಕೈಗೋ ಅಂಜಲಿತಾಯಿಯ ಕೈಗೋ ಕೊಟ್ಟುಬಿಡುತ್ತಿದ್ದಳು. ಊಟ ಅರ್ಧಕ್ಕೇ ಬಿಟ್ಟಳು. ಭಾನುವಾರ ಹನ್ನೊಂದನೆಯ ದಿನ, ತಾಯಿಗೂ ಮಗುವಿಗೂ ಶುದ್ಧದ ನೀರು ಹಾಕಬೇಕು. ರಾತ್ರಿಯೆಲ್ಲ ನನಗೆ ಅದೇ ಯೋಚನೆ. ಪೂಜೆಯ ಚಿಂತೆಯಲ್ಲ. ಈ ಹುಡುಗಿಗೆ ತನ್ನ ಕೈ ಮೇಲೆ ನಂಬಿಕೆ ಹೋದರೆ ಅದನ್ನು ಯಾರು ತಂದುಕೊಡುತ್ತಾರೆ?

ಈಗ ಸಿಂಧುವಿನ ಇಟ್ಟಿಗೆ ಪುಸ್ತಕಕ್ಕೆ ಬರುತ್ತೇನೆ.

ಇವಳು ಓದುವ ರೀತಿ ವಿಚಿತ್ರ. ನಾನು ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು, ಇವಳು ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿ ಅರ್ಥ ಹೇಳಬೇಕು. ನಾನು ಕಾನ್ವೆಂಟಿನವಳು. ನಮ್ಮ ಸಿಸ್ಟರ್, ಅರ್ಥ ಆಗದಿದ್ದರೂ ಪರವಾಗಿಲ್ಲ, ಉಚ್ಚಾರ ಸ್ಪಷ್ಟ ಇರಲಿ ಎಂದು ಕಲಿಸಿದವರು. ಹಾಗಾಗಿ ‘ರೌಟಿಂಗ್ ಪ್ರೋಟೋಕಾಲ್’ ಪಾಠವನ್ನು ನಾನು ಪ್ರಾರ್ಥನೆಯಷ್ಟು ಚೆಂದ ಓದುತ್ತೇನೆ. ಒಂದಕ್ಷರ ಅರ್ಥವಾಗುವುದಿಲ್ಲ!

ಶುಕ್ರವಾರ ಮಧ್ಯಾಹ್ನ ಗಿರಿಜಕ್ಕ ಬರುವ ಲಕ್ಷಣವಿಲ್ಲ. ಮಗು ನಿದ್ದೆಯಲ್ಲಿ. ನಾನು ಓದುತ್ತಿದ್ದೆ, ಕಿವಿ ಮಾತ್ರ ಕಾಲಿಂಗ್ ಬೆಲ್ ಕಡೆ.

“ಇದು ಏನು ಹೇಳು, ಕೌಂಟ್ ಟು ಇನ್‌ಫಿನಿಟಿ?”

“ಸಿಂಪಲ್ ಅಮ್ಮಾ. ರೌಟರ್ ಅಂದ್ರೆ ದಾರಿ ತೋರಿಸೋ ಡಬ್ಬಾ. ಇಡೀ ಊರಿನ ಮ್ಯಾಪ್ ಯಾವ ಡಬ್ಬದ ಹತ್ರಾನೂ ಇಲ್ಲ. ಪಕ್ಕದವರು ಹೇಳಿದ್ದನ್ನು ನಂಬೋದು, ಬಸ್. ಪಕ್ಕದವನು, ನನ್ನ ಮೂಲಕ ಹೋದ್ರೆ ಆ ಜಾಗ ಎರಡು ಹೆಜ್ಜೆ ಅಂದ್ರೆ, ನಾನು ಒಂದು ಸೇರಿಸಿ ಮೂರು ಅಂತ ಮುಂದಿನವನಿಗೆ ಹೇಳೋದು.”

“ಒಳ್ಳೆಯದೇ ಆಯ್ತಲ್ಲ. ಮಾತಾಡಿಕೊಂಡು ಇರ್ತಾವೆ.”

“ಹಾಂ, ಲೇಕಿನ್ ಆ ಜಾಗವೇ ಬಂದ್ ಆಯ್ತು ಅಂದ್ಕೋ. ಅದರ ಪಕ್ಕದ ಡಬ್ಬಕ್ಕೆ ಗೊತ್ತು, ದಾರಿ ಕಟ್ ಅಂತ. ಅದು ಬಾಯಿ ಬಿಡೋ ಮೊದಲೇ ಇನ್ನೊಂದು ಡಬ್ಬ ಬಂದು ಹೇಳ್ತದೆ, ನನಗೆ ದಾರಿ ಗೊತ್ತು ಅಂತ. ಅದು ಕಲಿತಿದ್ದು ಇದರಿಂದಾನೇ! ಹಳೇ ಸುದ್ದಿ. ಆದ್ರೆ ಈ ಪಾಗಲ್ ನಂಬ್ತದೆ. ಓಹೋ, ಬೇರೆ ದಾರಿ ಇದೆ ಅಂತ ಒಂದು ಸೇರಿಸಿ ವಾಪಸ್ ಹೇಳ್ತದೆ. ಅದೂ ಒಂದು ಸೇರಿಸಿ ಇದಕ್ಕೇ ಹೇಳ್ತದೆ. ಮೂರು, ನಾಲ್ಕು, ಐದು... ಪಾರ್ಸೆಲ್ ಇವರಿಬ್ಬರ ನಡುವೆ ಗೋಲ್ ಗೋಲ್ ತಿರುಗ್ತಾ ಇರ್ತದೆ. ಎಲ್ಲಿಗೂ ಮುಟ್ಟೋದಿಲ್ಲ.”

ನಾನು ಪುಸ್ತಕ ಮಡಚಿದೆ.

ಮಂಗಳವಾರ, ಬುಧವಾರ, ಶುಕ್ರವಾರ.

“ಸಿಂಧೂ,” ಎಂದೆ, “ಗಿರಿಜಕ್ಕ ಬರ್ತಾರೆ ಅಂತ ವತ್ಸಲಕ್ಕನಿಗೆ ಹೇಳಿದ್ದು ಶಾಂತಕ್ಕ.”

“ಹಾಂ. ಶಾಂತಾ ಆಂಟೀಗೆ ಯಾರು ಹೇಳಿದ್ದು?”

“...ನಾನು.”

“ನಿನಗೆ?”

“ವತ್ಸಲಕ್ಕ.”

ಸಿಂಧು ಮಂಚದಿಂದ ಎದ್ದು ಕೂತಳು. “ಅಮ್ಮಾ! ಯೇ ತೋ ಲೂಪ್ ಹೈ! ನೀವು ಮೂವರೂ ಡಬ್ಬಾ!”

ಎಲ್ಲ ಬಿಟ್ಟು ಡಬ್ಬಾ ಅನ್ನಿಸಿಕೊಂಡೆ. ಸಿಟ್ಟು ಬರಲಿಲ್ಲ, ಯಾಕೆಂದರೆ ಅವಳಾಗಲೇ ನನ್ನ ಫೋನ್ ಎತ್ತಿ ವತ್ಸಲಕ್ಕನಿಗೆ ಡಯಲ್ ಮಾಡಿ ಸ್ಪೀಕರ್ ಹಾಕಿದ್ದಳು.

“ವತ್ಸಲಾ ಆಂಟಿ, ಒಂದೇ ಪ್ರಶ್ನೆ. ನೀವೇ, ನೀವು ಖುದ್ದು, ಗಿರಿಜಕ್ಕನ ಹತ್ರ ಮಾತಾಡಿದ್ರಾ?”

ಮೌನ. ಸೋಮವಾರದ್ದೇ ಮೌನ, ಇನ್ನೂ ಉದ್ದ. ಹಿಂದೆ ಅವರ ಫ್ಯಾನು ಟಕ್ ಟಕ್ ಎನ್ನುವುದು ಕೇಳಿಸುತ್ತಿತ್ತು.

“ಇಲ್ಲ ಮಗಾ,” ಎಂದರು ಕೊನೆಗೆ. “ಅವರು ದೀಪಾವಳಿಯಿಂದ ಎಲ್ಲಿಗೂ ಹೋಗುದಿಲ್ಲ. ಮಣಿಗಂಟು ಹಿಡ್ಕೊಂಡಿದೆ. ಚೊಂಬು ಎತ್ಲಿಕ್ಕೆ ಆಗುದಿಲ್ಲ. ಠಾಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ.”

“ವತ್ಸಲಕ್ಕ!” ನನ್ನ ಸ್ವರ ಏರಿತು. “ಸೋಮವಾರವೇ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಗೆ ಹೇಳುದು ಸುಮಾ? ಬಾಣಂತಿ ಮನೆಯಿಂದ ಕೇಳಿದ್ದು. ಸಿಹಿ ಸುದ್ದಿ ಹೇಳ್ಲಿಕ್ಕೆ ಫೋನ್ ಮಾಡಿದವಳಿಗೆ ಮೊದಲ ಮಾತಿಗೇ ಇಲ್ಲ ಅನ್ಲಿಕ್ಕೆ ಆಗ್ತದಾ? ಬೇರೆ ಯಾರನ್ನಾದ್ರೂ ಹುಡುಕಿ ಆಮೇಲೆ ಹೇಳುವ ಅಂತ ಇದ್ದೆ. ಅಷ್ಟ್ರಲ್ಲಿ ಶಾಂತ ಫೋನ್ ಮಾಡಿ, ಖಾರಘರಕ್ಕೆ ಗಿರಿಜಕ್ಕ ಬರ್ತಾರಂತಲ್ಲ ಅಂದ್ಲು. ನಾನು ಎಣಿಸಿದೆ, ಓ, ಮಣಿಗಂಟು ಗುಣ ಆಗಿರ್ಬೇಕು!”

ಸಿಂಧು ತಲೆಯ ಮೇಲೆ ದಿಂಬು ಒತ್ತಿಕೊಂಡು ನಗುತ್ತಿದ್ದಳು. ನನಗೆ ನಗುವೂ ಬಂತು, ಅಳುವೂ ಬಂತು. ದಾರಿ ಕಡಿದಿದೆ ಎಂದು ಖಚಿತವಾಗಿ ಗೊತ್ತಿದ್ದವರು ಒಬ್ಬರೇ. ತಾನು ಕಣ್ಣಾರೆ ಕಂಡದ್ದನ್ನು ಬಿಟ್ಟು, ತನ್ನದೇ ಮಾತು ಊರು ಸುತ್ತಿ ವಾಪಸ್ ಬಂದಾಗ ಅದನ್ನು ನಂಬಿದರು. ಹೊಸ ಸೀರೆ ಉಟ್ಟು ಬಂದ ಹಳೆ ಸುದ್ದಿ!

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಗುರುವಾರ ಬಾತ್‌ರೂಮಿನ ಬಾಗಿಲಲ್ಲಿ ನಿಂತು ನನ್ನ ಮಗಳಿಗೆ ನಾನು ಹೇಳಿದ್ದೇನು? “ನೋಡುವ.” ವಿಚಿತ್ರ ನೋಡಿ. ಶಾಲೆಯಲ್ಲಿ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ, ಬೇಡವಾದರೆ, ಆಗದಿದ್ದರೆ, ‘ನೋ, ಸಿಸ್ಟರ್’ ಎಂದು ಕಣ್ಣು ನೋಡಿ ಹೇಳಲು ಕಲಿಸಿದ್ದರು. ಸಂಜೆ ಮನೆಗೆ ಬಂದರೆ ಅಮ್ಮ, ಇಲ್ಲ ಅನ್ನಬಾರದು, ‘ನೋಡುವ’ ಅನ್ನಬೇಕು ಎಂದು ತಿದ್ದುತ್ತಿದ್ದರು. ಅಕ್ಕಿ ಮುಗಿದರೂ ನಮ್ಮ ಮನೆಯಲ್ಲಿ ಇಲ್ಲ ಎನ್ನುತ್ತಿರಲಿಲ್ಲ, ಹೆಚ್ಚಾಗಿದೆ ಎನ್ನುತ್ತಿದ್ದರು. ಶಾಲೆ ಸೋತಿತು, ಅಮ್ಮ ಗೆದ್ದರು.

“ಆ ಡಬ್ಬಗಳು ಇದಕ್ಕೆ ಏನು ಮಾಡ್ತಾವೆ?” ಎಂದು ಕೇಳಿದೆ. ಮೊದಲ ಸಲ, ನಿಜವಾಗಿ ತಿಳಿದುಕೊಳ್ಳಲು.

ಸಿಂಧು ಹೇಳಿದಳು. ಒಂದು, ಯಾರಿಂದ ಕೇಳಿದೆಯೋ ಅವರಿಗೇ ಆ ಸುದ್ದಿಯನ್ನು ವಾಪಸ್ ಹೇಳಬೇಡ. (ಇದೊಂದನ್ನು ಪಾಲಿಸಿದರೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೆಸೇಜೇ ಇರುವುದಿಲ್ಲ.) ಇನ್ನೂ ಜಾಣ ಡಬ್ಬಗಳು ಸುದ್ದಿಯ ಜೊತೆ ಅದು ಹಾದು ಬಂದವರ ಹೆಸರನ್ನೆಲ್ಲ ಪೋಣಿಸಿ ಕಳಿಸುತ್ತವಂತೆ. ಆ ಮಾಲೆಯಲ್ಲಿ ತನ್ನದೇ ಹೆಸರು ಕಂಡರೆ, ಓ, ಇದು ನನ್ನ ಮಾತೇ ಎಂದು ಎಸೆದುಬಿಡುತ್ತವೆ. ಹಳೆ ಕಾಲದ ಒಂದು ಪದ್ಧತಿಯಲ್ಲಿ ಹದಿನೈದು ಹೆಜ್ಜೆಯವರೆಗೆ ದಾರಿ. ಹದಿನಾರು ಎಂದರೆ ಇಲ್ಲ ಎಂದೇ ಅರ್ಥ.

“ಆದ್ರೆ ಮೇನ್ ವಿಷಯ, ದಾರಿ ಕಟ್ ಆಯ್ತು ಅಂತ ಗೊತ್ತಾದ ಕೂಡಲೇ ಹದಿನಾರು ಅಂತ ಕೂಗಿ ಹೇಳ್ಬೇಕು. ಕಾಯಬಾರದು. ಅದಕ್ಕೆ ಪಾಯಿಸನ್ ಅಂತಾರೆ.”

“ವಿಷ?”

“ಹಾಂ. ಆ ದಾರಿಗೆ ವಿಷ. ಅದು ಸತ್ತರೆ ತಾನೆ ಬೇರೆ ದಾರಿ ಹುಡುಕೋದು?”

ನನಗೆ ಅಂಜಲಿತಾಯಿಯ ನೆನಪಾಯಿತು. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು. ಐದು ಹೆಜ್ಜೆ ನಡೆಯಲು ನನಗೆ ಐದು ನಿಮಿಷ ಹಿಡಿಯಿತು. ಹೆಣ್ಣು ಕೊಟ್ಟವರು ನಾವು. ನಮ್ಮ ಕಡೆಯ ಹೆಂಗಸು ಬರುತ್ತಾರೆಂದು ವಾರವಿಡೀ ಜಂಬದಿಂದ ಹೇಳಿದವಳು ನಾನು. ಬೀಗಿತಿಯ ಮುಂದೆ ನಿಂತು ಇಲ್ಲ ಅನ್ನಬೇಕು!

“ತಾಯೀ,” ಎಂದೆ, “ಆಮಚೀ ಬಾಯೀ... ನಾಹೀ ಯೇಣಾರ್.”

ಬರುವುದಿಲ್ಲ. ಅಂದುಬಿಟ್ಟೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚದೆ ಹಾಗೇ ಕೆಳಗಿಟ್ಟರು. ಈ ವಾರದಲ್ಲಿ ಅವರು ಮಡಚದೆ ಇಟ್ಟ ಮೊದಲ ಬಟ್ಟೆ ಅದು. “ಅಗಂ, ಆಧೀ ಸಾಂಗಾಯಚಂ ನಾ!” ಮೊದಲೇ ಹೇಳಬಾರದಿತ್ತೇ ಎಂದು. ಸ್ವರದಲ್ಲಿ ಸಿಟ್ಟಿಲ್ಲ, ಸಮಾಧಾನದ ಉಸಿರು.

ಆಮೇಲೆ ತಿಳಿದದ್ದು ಇಷ್ಟು. ನಮ್ಮ ಹಿಂದಿನ ಟವರಿಗೇ ದಿನಾ ರುಕ್ಮಿಣಿಬಾಯಿ ಎನ್ನುವವರು ಬಾಣಂತಿ ಮಾಲೀಶಿಗೆ ಬರುತ್ತಾರೆ. ಅಳಿಯ ಕೇದಾರ ಹುಟ್ಟಿದಾಗ ಅವನಿಗೆ ನೀರು ಹಾಕಿದವರ ಮಗಳು. ಅಂಜಲಿತಾಯಿ ರುಕ್ಮಿಣಿಬಾಯಿಗೆ ಮೊದಲೇ ಹೇಳಿ ಇಟ್ಟಿದ್ದರಂತೆ. ಸೋಮವಾರ ನಾನು ‘ಯೇಣಾರ್’ ಎಂದ ಮೇಲೆ, ಸೊಸೆಯ ತಾಯಿಗೆ ತಮ್ಮವರೇ ಬರಲಿ ಎಂಬ ಆಸೆ ಇರುತ್ತದೆ ಎಂದು ಸುಮ್ಮನಾದರು. ಅವರದ್ದೂ ಅದೇ ಸಂಕೋಚ, ಭಾಷೆ ಮಾತ್ರ ಬೇರೆ! ಮಗುವಿನಿಂದ ಕೂಗಳತೆಯ ದೂರದಲ್ಲಿ ಒಳ್ಳೆಯ ದಾರಿ ಇತ್ತು. ಅದಕ್ಕೆ ಅಡ್ಡ ನಿಂತಿದ್ದು ಇಲ್ಲದ ದಾರಿ.

ಅಂಜಲಿತಾಯಿ ಅಲ್ಲೇ ಫೋನ್ ಮಾಡಿದರು. ರುಕ್ಮಿಣಿಬಾಯಿ ಬೇಲಾಪುರದ ಒಂದು ಮನೆಗೆ ಇನ್ನೇನು ಮಾತು ಕೊಡುವವರಿದ್ದರು. ಇನ್ನೂ ಕೊಟ್ಟಿರಲಿಲ್ಲ. ಭಾನುವಾರದಿಂದ ಬರುತ್ತೇನೆ ಎಂದರು.

ಮಯೂರಿಯ ಕೋಣೆಗೆ ಹೋಗಿ ಅವಳಿಗೂ ಹೇಳಿದೆ. ಗಿರಿಜಕ್ಕ ಬರುವುದಿಲ್ಲ. ಇನ್ನೊಂದು, ನನಗೂ ಎಳೆ ಮಗುವಿಗೆ ನೀರು ಹಾಕಲು ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು.

“ನಿಜವಾ? ನಾನು ಹುಟ್ಟಿದಾಗಲೂ?”

“ಟವೆಲ್ ಹಿಡಿದು ನಿಂತಿದ್ದೆ.”

ಗುರುವಾರದಿಂದ ಮೊದಲ ಸಲ ನಕ್ಕಳು. “ನನಗೊಬ್ಬಳಿಗೇ ಬರೋದಿಲ್ಲ ಅಂದ್ಕೊಂಡಿದ್ದೆ ಅಮ್ಮಾ.” ನನ್ನ ಎರಡು ದಿನದ ಸಮಾಧಾನದ ಮಾತುಗಳು ಮಾಡದ ಕೆಲಸವನ್ನು ಒಂದು ‘ಬರುವುದಿಲ್ಲ’ ಮಾಡಿತು.

ಕಥೆ ಮುಗಿಯಿತು ಅಂದುಕೊಂಡಿರಾ? ಶನಿವಾರ ಬೆಳಿಗ್ಗೆ ಶಾಂತಕ್ಕನ ಫೋನ್. ಹಿಂದೆ ಕುಕ್ಕರ್.

“ಸುಮಕ್ಕಾರ, ಚಲೋ ಸುದ್ದಿ ಐತ್ರೀ! ಗಿರಿಜಕ್ಕ ನಾಳೆ ಬರತಾರಂತ!”

ಮಣಿಗಂಟು ಗುಣವಾಯಿತೇ? ಒಂದು ಕಾಲು ಆಗಲೇ ಅಂಜಲಿತಾಯಿಯ ಕೋಣೆಯ ಕಡೆ, ರುಕ್ಮಿಣಿಬಾಯಿಗೆ ಬೇಡ ಎಂದು ಹೇಳಿಸಲು. ಸಿಂಧು ಅಡ್ಡ ಬಂದು ಕೈ ಹಿಡಿದಳು. ದಾರಿ ಕಟ್ ಎಂಬ ಸುದ್ದಿ ಬಂದ ಮೇಲೆ ಸ್ವಲ್ಪ ಹೊತ್ತು ಯಾವ ಒಳ್ಳೆ ಸುದ್ದಿಯನ್ನೂ ನಂಬಬಾರದು, ಅದೂ ಪುಸ್ತಕದಲ್ಲಿದೆ ಎಂದಳು. ಹಳೆಯ ಮಾತುಗಳು ಇನ್ನೂ ದಾರಿಯಲ್ಲಿ ಬರುತ್ತಿರುತ್ತವಂತೆ.

“ಶಾಂತಕ್ಕ, ನಿಮಗೆ ಯಾರು ಹೇಳಿದ್ದು?”

“ಅದs... ಐರೋಲಿಯಾಗ ನಮ್ಮ ನಾದಿನಿ.”

“ಅವರಿಗೆ?”

“ಆಕಿಗೆ ನಾನs ಹೇಳಿದ್ನೇನೋ ಬುಧವಾರ...” ಕುಕ್ಕರ್ ಸೀಟಿ ಹೊಡೆಯಿತು. “ಅಯ್ಯ ನನ್ನ ಶಿವನ!”

ಇಬ್ಬರೂ ಎಷ್ಟು ನಕ್ಕೆವೆಂದರೆ ಮಗು ಎದ್ದಿತು.

ಭಾನುವಾರ ರುಕ್ಮಿಣಿಬಾಯಿ ಬಂದರು. ಬಳೆ ತೆಗೆದು ಕಿಟಕಿಯ ಮೇಲಿಟ್ಟರು. ನಾನು ಡೊಂಬಿವಲಿಯಿಂದ ಹೊತ್ತು ತಂದ ಮಣೆಯ ಮೇಲೆ ಕೂತರು. ಕಾಲು ಚಾಚಿ ಮಗುವನ್ನು ಮೊಣಕಾಲಿನ ಮೇಲೆ ಬೋರಲು ಮಲಗಿಸಿದರು. ಅದೇ ಕೂರುವ ಭಂಗಿ, ಅದೇ ಹಿಡಿತ. ಮಗು ಒಂದು ಸಲ ಮುಖ ಸಿಂಡರಿಸಿ ಸುಮ್ಮನಾಯಿತು. ಮೂರನೆಯ ಚೊಂಬಿನ ನಂತರ ಅವರು, “ಬಸ್ ಇಥೇ”, ಇಲ್ಲಿ ಕೂತುಕೋ, ಎಂದು ಮಯೂರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯನ್ನು ಮಗುವಿನ ಕುತ್ತಿಗೆಯ ಕೆಳಗೆ ಇಟ್ಟು ಒತ್ತಿದರು. ಉಳಿದ ನೀರು ಮಯೂರಿಯೇ ಹಾಕಿದಳು. ಮಗು ಜಾರಲಿಲ್ಲ. ಅಂಜಲಿತಾಯಿಯೂ ನಾನೂ ಬಾಗಿಲಲ್ಲಿ ನಿಂತಿದ್ದೆವು, ಒಂದೇ ಟವೆಲ್ಲಿನ ಎರಡು ತುದಿ ಹಿಡಿದು.

ಅಂದು ತಾಯಿ, ಮಗು ಇಬ್ಬರೂ ಮಧ್ಯಾಹ್ನ ಮಲಗಿದವರು ಸಂಜೆಗೇ ಎದ್ದದ್ದು.

ಆಗ ನಾನು ವತ್ಸಲಕ್ಕನಿಂದ ಠಾಣೆಯ ಮಗಳ ನಂಬರ್ ತೆಗೆದುಕೊಂಡು ಗಿರಿಜಕ್ಕನಿಗೇ ವಿಡಿಯೋ ಕಾಲ್ ಮಾಡಿದೆ. ಪರದೆಯ ತುಂಬ ಅವರ ಅರ್ಧ ಹಣೆ, ದೊಡ್ಡ ಕುಂಕುಮ.

“ಊರೆಲ್ಲ ನನ್ನನ್ನು ಕೇಳಿದ್ರಂತೆ. ನನ್ನ ಹತ್ರ ಮಾತ್ರ ಯಾರೂ ಕೇಳ್ಲಿಲ್ಲ! ಎಲ್ಲಿ, ತೋರಿಸು ಮಗುವನ್ನು. ಮೂಗು ಮಯೂರಿಯದ್ದೇ. ಎಣ್ಣೆ ಹಾಕಿ ತಿದ್ದಿದ್ದು ನಾನು, ಗುರ್ತು ಸಿಗುದಿಲ್ವಾ?”

ನಾನು ಮೆಲ್ಲನೆ ಕೇಳಿದೆ. “ಕೆಲಸ ಬಿಟ್ಟಿದ್ದೀರಿ ಅಂತ ನೀವಾದ್ರೂ ನಾಲ್ಕು ಜನಕ್ಕೆ ಹೇಳ್ಬಾರ್ದಿತ್ತಾ ಗಿರಿಜಕ್ಕ?”

ಅವರು ಫೋನನ್ನು ಸ್ವಲ್ಪ ದೂರ ಹಿಡಿದರು. ಪೂರ್ತಿ ಮುಖ ಕಾಣಿಸಿತು.

“ಹೇಳ್ಬಹುದಿತ್ತು. ಹೇಳಿದ್ರೆ ಮತ್ತೆ ಯಾರೂ ಕೇಳುದಿಲ್ಲ ಅಲ್ವಾ?”

ಇದಕ್ಕೆ ಸಿಂಧುವಿನ ಪುಸ್ತಕದಲ್ಲಿ ಏನಾದರೂ ಇದೆಯೇ? ನಾನು ಹುಡುಕಲಿಲ್ಲ. ದಾರಿ ಇಲ್ಲದಿದ್ದರೆ ಇಲ್ಲವೆಂದು ಹೇಳಬೇಕು, ಸರಿ. ಆದರೆ ಡಬ್ಬಗಳ ಪಟ್ಟಿಯಿಂದ ಅಳಿಸಿಹೋಗುವ ಜಾಗಕ್ಕೆ ಬೇಸರವಾಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ. “ತೊಟ್ಟಿಲು ತೂಗುವ ದಿನ ಬರ್ಬೇಕು,” ಎಂದೆ. “ನೀರು ಹಾಕ್ಲಿಕ್ಕೆ ಅಲ್ಲ, ಕೂತು ಉಂಡು ಹೋಗ್ಲಿಕ್ಕೆ. ಇವರೇ ಬಂದು ಕರ್ಕೊಂಡು ಬರ್ತಾರೆ.” ಅವರು ಕೂಡಲೇ, “ನೋಡುವ” ಎಂದರು. ಇಬ್ಬರಿಗೂ ನಗು ಬಂತು. “ಇಲ್ಲ ಇಲ್ಲ,” ಎಂದರು, “ಬರ್ತೇನೆ.”

ಸೋಮವಾರ ಸಿಂಧು ಪರೀಕ್ಷೆ ಬರೆದು ಬಂದಳು. ಲೂಪಿನ ಪ್ರಶ್ನೆ ಬಂದಿತ್ತಂತೆ. ಎ, ಬಿ, ಸಿ ಎಂದಿದ್ದ ಮೂರು ರೌಟರುಗಳಿಗೆ ಮನಸ್ಸಿನಲ್ಲೇ ಸುಮಾ, ಶಾಂತಾ, ವತ್ಸಲಾ ಎಂದು ಹೆಸರಿಟ್ಟು ಬಿಡಿಸಿದಳಂತೆ. ಪಾಸಾದಳು. ಸದ್ಯ, ನಮ್ಮ ದಡ್ಡತನ ಒಬ್ಬರ ಉಪಯೋಗಕ್ಕಾದರೂ ಬಂತು.

ಮೊನ್ನೆ ಬುಧವಾರ ಗುರುತಿಲ್ಲದ ನಂಬರಿನಿಂದ ಫೋನ್. ಘನ್ಸೋಲಿಯಿಂದ ಒಬ್ಬ ಹೆಂಗಸು. ಹೊಸದಾಗಿ ಅಜ್ಜಿಯಾದ ದನಿ, ಅದು ನನಗೀಗ ಕೇಳಿದ ಕೂಡಲೇ ಗೊತ್ತಾಗುತ್ತದೆ. “ನಮಸ್ಕಾರ, ಗಿರಿಜಕ್ಕ ಈಗ ನಿಮ್ಮ ಮನೆಯಲ್ಲಿದ್ದಾರಂತೆ. ನಿಮ್ಮದು ಮುಗಿದ ಮೇಲೆ ನಮ್ಮಲ್ಲಿಗೆ ಕಳಿಸಿಕೊಡ್ತೀರಾ? ಗಂಡು ಮಗು.”

ಎಂಥ ಸಂತೋಷದ ಸ್ವರ! ನನ್ನ ನಾಲಿಗೆ ತಾನಾಗಿ ‘ನೋಡುವ’ ಎನ್ನಲು ಸಿದ್ಧವಾಗಿತ್ತು. ಸಿಂಧು ಬಾಗಿಲಿಗೆ ಒರಗಿ ಹದಿನಾರು ಎಂದು ಬೆರಳಿನಲ್ಲಿ ತೋರಿಸಲು ಒದ್ದಾಡುತ್ತಿದ್ದಳು.

“ಇಲ್ಲ,” ಎಂದೆ. “ಗಿರಿಜಕ್ಕ ಈಗ ಯಾರ ಮನೆಗೂ ಹೋಗುವುದಿಲ್ಲ. ನಾನೇ ಅವರೊಂದಿಗೆ ಮಾತಾಡಿದ್ದೇನೆ. ರುಕ್ಮಿಣಿಬಾಯಿ ಅಂತ ಒಬ್ಬರಿದ್ದಾರೆ, ಅವರನ್ನು ಕೇಳಿ ನಿಮಗೆ ನಂಬರ್ ಕೊಡಲೇ?”

ಆ ಹೆಂಗಸು ಅಂದರು, “ಅಬ್ಬಾ. ಭಾನುವಾರದಿಂದ ಇಲ್ಲ ಅಂತ ಹೇಳಿದವರು ನೀವೊಬ್ಬರೇ. ಉಪಕಾರವಾಯ್ತು.”

ನೀವು ಕೊನೆಯ ಸಲ ಒಬ್ಬರಿಗೆ ಅಂಥದೊಂದು ಉಪಕಾರ ಮಾಡಿದ್ದು ಯಾವಾಗ?